ಲಾಭ, ಎರಡು, ಮೂರು

ಡಿಸೆಂಬರ್ ಇಪ್ಪತ್ತೆರಡು. ಲಿಂಗರಾಜಪುರ.
ರಾತ್ರಿ ಒಂಬತ್ತೂಕಾಲು.
‘ಹಳೇ ಮೈಸೂರಿನ ಅಳತೆ, ತೂಕ’ ಎಂದು ಬರೆದು
ಕೆಳಗೊಂದು ಗೆರೆ ಎಳೆದು
ಗೆರೆ ದಪ್ಪವಾಯಿತೆಂದು ತೆಳ್ಳಗೆ ಮಾಡಿ
ಅಷ್ಟಕ್ಕೇ ದಣಿದು
ಟೀ ಕಾಯಿಸಲು ಎದ್ದೆ.

ನಾಳೆ ಸಂಜೆ ಐದರೊಳಗೆ ಕೊಡಬೇಕು.
ನಫೀಸಾ ಮೇಡಂ ಗಡುವು ಹೇಳುವುದು
ಹಲ್ಲಿನ ಡಾಕ್ಟರು ‘ನೋವಾಗಲ್ಲ’ ಅನ್ನುವ ದನಿಯಲ್ಲಿ.

ಈ ಚಳಿಗೆ ಹೆಸರಿಲ್ಲ. ಮಾಗಿ ಅಂದರೆ ದೊಡ್ಡ ಮಾತಾಯಿತು;
ಸ್ವೆಟರಿಗೂ ಹೊದಿಕೆಗೂ ನಡುವಿನ
ಅಚ್ಚೇರು ಚಳಿ.
ಎದುರುಮನೆಯ ಕುಕ್ಕರಿನಿಂದ ಅವರೆಕಾಳಿನ ಸೊಗಡು.
ಸೊಗಡನ್ನು ಯಾವ ಕೊಳಗದಲ್ಲಿ ಅಳೆಯುತ್ತಿದ್ದರೋ,
ಇದೂ ಸಂಶೋಧನೆಯೇ ಎಂದು
ಹತ್ತು ನಿಮಿಷ ನನ್ನನ್ನು ನಾನೇ ನಂಬಿಸಿದೆ.

ಆಮೇಲೆ ಉಗುರು ಕತ್ತರಿಸಿದೆ.
ಆಮೇಲೆ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದೆ.
ಆಮೇಲೆ ಫ್ಲೈಓವರಿನಡಿ ಹಾದ ಗೂಡ್ಸ್ ರೈಲಿನ
ಡಬ್ಬಿಗಳನ್ನು ಸದ್ದಿನಲ್ಲೇ ಎಣಿಸಿದೆ:
ನಲವತ್ತೊಂದು. ಅಥವಾ ನಲವತ್ತೆರಡು.
ಅಡಿಟಿಪ್ಪಣಿ ಹಾಕುವಷ್ಟು ಖಾತ್ರಿಯಿಲ್ಲ.

ಮೇಲೆ ತಾರಸಿಯಲ್ಲಿ ಚೌರಪ್ಪನವರು
ಹೋದ ವರ್ಷದ ನಕ್ಷತ್ರಕ್ಕೆ ಈ ವರ್ಷದ ಬಲ್ಬು ಹಾಕುತ್ತಿದ್ದಾರೆ.
ಐದು ಮೂಲೆಯಲ್ಲಿ ಒಂದನ್ನು ಇಲಿ ತಿಂದಿದೆ.
‘ನಾಲ್ಕೇ ಸಾಕು ಬಿಡು, ಜ್ಞಾನಿಗಳು ದಾರಿ ಹುಡುಕ್ಕೊಂಡು ಬರ್ತಾರೆ,’
ಎಂದು ಯಾರಿಗೋ ಹೇಳಿದರು.
ನಾನು ಜ್ಞಾನಿಯಲ್ಲ. ನನಗೆ ಐದೂ ಮೂಲೆ ಬೇಕು,
ಜೊತೆಗೆ ಎರಡು ದಿನದ ವಾಯಿದೆ.

ಹೌದು, ಆ ಮೂವರು
ಎಷ್ಟು ತೂಕದ ಚಿನ್ನ ತಂದರು?
ಗುಂಜಿಯಲ್ಲೋ ತೊಲದಲ್ಲೋ? ಸಾಂಬ್ರಾಣಿ ಚಟಾಕೋ ಸೇರೋ?
ಯಾರೂ ಬರೆದಿಟ್ಟಿಲ್ಲ.
ಅವರೂ ಹೊರಡಲು ತಡಮಾಡಿರಬೇಕು,
ಒಂಟೆ ತೊಳೆಯುತ್ತ, ಚೀಲ ಬಿಚ್ಚಿ ಕಟ್ಟುತ್ತ;
ಕೂಸು ಹುಟ್ಟಿ ಎಷ್ಟೋ ದಿನಕ್ಕೆ ಮುಟ್ಟಿದವರು.
ಯಾರೂ ಅವರ ಅಂಕ ಕಳೆಯಲಿಲ್ಲ.

ಹತ್ತೂವರೆಗೆ ಬಾಗಿಲು ಬಡಿದ ಸದ್ದು.
ಇನ್ನಾಸಮ್ಮ, ಮೊಣಕೈವರೆಗೆ ಮೈದಾ.
‘ಲೈಟು ಉರೀತಿತ್ತು. ಓದ್ತಿಲ್ಲ ಅಂತ ಗೊತ್ತಾಯ್ತು.
ಬಾ, ಕಲ್‌ಕಲ್ ಸುತ್ತೋಕೆ ಕೈ ಸಾಲ್ತಿಲ್ಲ.’

ಕೆಳಗೆ ಅಡುಗೆಮನೆಯ ನೆಲದಲ್ಲಿ ಹಳೇ ಪೇಪರು,
ಅದರ ಮೇಲೆ ನಾದಿದ ಹಿಟ್ಟು, ಪಕ್ಕದಲ್ಲಿ
ವರ್ಷಕ್ಕೊಮ್ಮೆ ಹೊರಬರುವ, ತಲೆಯನ್ನೇ ಕಾಣದ ಬಾಚಣಿಗೆಗಳು.
ಚಿಟಿಕೆಯಷ್ಟು ಹಲ್ಲಿಗೊತ್ತಿ ಸುತ್ತಿದರೆ ಗೆರೆಗೆರೆಯ ಶಂಖ.
ನನ್ನದು ಮಾತ್ರ ಬಸವನಹುಳು.

ಇನ್ನೊಂದು ಸುತ್ತಿಗೆ ಹಿಟ್ಟು ಬೇಕಾಯಿತು.
ಡ್ರಮ್ಮಿನೊಳಗಿಂದ ಅವರು ತೆಗೆದದ್ದು
ಕಂಠಕ್ಕೆ ತಾಮ್ರದ ಪಟ್ಟಿಯ, ಕಪ್ಪಾದ ಹಿತ್ತಾಳೆ ಪಾವು.
ಮೂರು ವಾರ ಲೈಬ್ರರಿಯಲ್ಲಿ ನಾನು ಹುಡುಕಿದ್ದು
ನನ್ನ ಮಂಚದ ನೇರ ಕೆಳಗೆ
ಮೈದಾದಲ್ಲಿ ಹೂತು ಕೂತಿತ್ತು.

‘ಲಾಭ’ ಎಂದು ಸುರಿದರು. ‘ಎರಡು. ಮೂರು.’
ಒಂದು ಯಾಕನ್ನಲ್ಲ, ಅಂದೆ.
‘ಒಂದು ಅಂದ್ರೆ ಒಂದೇ ಆಗ್ಬಿಡುತ್ತೆ.’
ಪಾವು ಅಂದರೆ ಎಷ್ಟು, ಗ್ರಾಮಿನಲ್ಲಿ, ಅಂದೆ.
‘ಮಾರೋಕಾದ್ರೆ ಬೆರಳಲ್ಲಿ ಒರೆಸಿದಷ್ಟು.
ಕೊಡೋಕಾದ್ರೆ ಗೋಪುರ ನಿಂತಷ್ಟು.
ಅಷ್ಟೂ ಗೊತ್ತಿಲ್ವಾ, ಎಂ.ಎ.?’

ನಕ್ಕ ರಭಸಕ್ಕೆ ಗೋಪುರ ಕುಸಿಯಿತು. ಹೊರಗೆ
ಕ್ಯಾರಲ್ ಹುಡುಗರ ಗಿಟಾರು, ಬೀದಿನಾಯಿಯ ಅಪಸ್ವರ,
ಹೊಟ್ಟೆಗೆ ದಿಂಬು ಕಟ್ಟಿದ ಸಾಂತಾ ಗೇಟಿನಲ್ಲಿ ಸಿಕ್ಕಿಕೊಂಡ.

ಈಗ ಒಂದೂ ಮುಕ್ಕಾಲು.
ಕೀಬೋರ್ಡಿನ ಮೇಲೆ ಹಿಟ್ಟಿನ ಬೆರಳಗುರುತು.
‘ಪಾವು ಎಂದರೆ’ ಎಂದು ಬರೆದಿದ್ದೇನೆ.
ಮಾರುವ ಪಾವೋ ಕೊಡುವ ಪಾವೋ ಹೇಳಬೇಕು,
ಮೇಡಂ ಗ್ರಾಮಿನಲ್ಲೇ ಕೇಳಿದರೆ ಏನೆನ್ನಬೇಕು.
ತಟ್ಟೆಯಲ್ಲಿ ನನ್ನ ಬಸವನಹುಳುಗಳು,
ಇನ್ನೂ ಬೆಚ್ಚಗೆ.
ಪುಟದ ತಳದಲ್ಲಿ ತಾನಾಗಿ ಮೂಡಿದ
1.
ಲಾಭ, ಎಂದುಕೊಂಡು
ಇನ್ನೊಂದು ತಿಂದೆ.