ನಡುವೆ ಒಂದು ಮೈಸೆಲ್ಫ್

ಹಲ್ ಊರಿನ ಕೇರ್ ಹೋಮಿನಲ್ಲಿ, ಇರುಳು ಪಾಳಿ ಮುಗಿದ ಮೇಲೆ,
ಮೊರೀನ್ ಬ್ಲೆಂಕಿನ್ ನನ್ನ ರಜೆ ಚೀಟಿ ಹಿಂದಕ್ಕೆ ಸರಿಸಿದಳು.
ಕೆಂಪು ಶಾಯಿಯಲ್ಲ, ಬರೀ ಸೀಸದಕಡ್ಡಿ.
ಎರಡು ಪದಗಳ ನಡುವೆ ಹಂಸಪಾದ ಇಟ್ಟು
ಮೇಲೆ ಬರೆದಿದ್ದಳು: ಮೈಸೆಲ್ಫ್ ಆಫ್.

"ಅವೇಲ್ ಲೀವ್ ಅನ್ನಬಾರದು, ಲವ್.
ಅವೇಲ್ ಮೈಸೆಲ್ಫ್ ಆಫ್ ಅನ್ನಬೇಕು.
ನಿನ್ನನ್ನೇ ನೀನು ಬಿಟ್ಟಿದ್ದೀಯ."
ಅಷ್ಟಂದು ಕೆಟಲ್ ಕಡೆ ತಿರುಗಿದಳು.

ನಗು ಬಂತು. ಆಮೇಲೆ ಸಿಟ್ಟು.
ರಾಣೆಬೆನ್ನೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೂತು
ಹನ್ನೊಂದು ವರ್ಷ ಊರವರ ರಜೆಯನ್ನೆಲ್ಲ ಬಡಿದವಳು ನಾನು.
ಮಾಸ್ತರರ ಭೇದಿ, ತಲಾಟಿಯ ನಾದಿನಿಯ ಮದುವೆ,
ಲೈನ್‌ಮನ್ ಹಾಲಪ್ಪನಿಗಾಗಿ ಮೂರು ಸಲ ಸತ್ತ ಒಬ್ಬಳೇ ಅಜ್ಜಿ,
ಎಲ್ಲರಿಗೂ ಅದೇ ಸಾಲು: ಕೈಂಡ್ಲಿ ಪರ್ಮಿಟ್ ಮಿ ಟು ಅವೇಲ್.
ಮುಂದೆ ಲೀವ್. ನಡುವೆ ಹೆಬ್ಬೆರಳಿನ ಒಂದು ಏಟು, ಖಾಲಿ.
ಆ ಖಾಲಿಯಲ್ಲಿ ಯಾರೋ ನಿಲ್ಲಬೇಕಿತ್ತು ಅಂತ
ಯಾವ ಸಾಹೇಬನೂ ವಾಪಸ್ ಕಳಿಸಲಿಲ್ಲ.
ರಜೆ ಮಂಜೂರಾಗುತ್ತಿತ್ತು. ವ್ಯಾಕರಣ ಕೇಳಿದವರು ಯಾರು?

ಬಸ್ಸಿನ ಮೇಲಂತಸ್ತಿನಲ್ಲಿ ಕೂತು ವಾಕ್ಯ ಮಾಡಿದೆ.
ಮಿಸ್ಟರ್ ಸ್ಟಾಥರ್ಸ್ ಅವೇಲ್ಡ್ ಹಿಮ್‌ಸೆಲ್ಫ್ ಆಫ್ ಪಕ್ಕದವರ ಕಸ್ಟರ್ಡ್.
ಕಡಲಹಕ್ಕಿ ಅವೇಲ್ಡ್ ಇಟ್‌ಸೆಲ್ಫ್ ಆಫ್ ನನ್ನ ಚಿಪ್ಸ್.
ಹಂಬರ್ ನದಿ, ದಿನಕ್ಕೆರಡು ಬಾರಿ, ಇಟ್‌ಸೆಲ್ಫ್ ಆಫ್ ಕೆಸರು.
ಯಾವ ವಾಕ್ಯ ಮಾಡಿದರೂ ಆಸಾಮಿ ಎರಡು ಸಲ ಬರುತ್ತಾನೆ,
ಬಾಗಿಲಲ್ಲಿ ಒಮ್ಮೆ, ಒಳಗೆ ಚಾಪೆಯ ಮೇಲೆ ಇನ್ನೊಮ್ಮೆ.
ನನ್ನ ಸರದಿ ಬಂತು. ಐ ಅವೇಲ್ಡ್ ಮೈಸೆಲ್ಫ್ ಆಫ್...
ಆಫ್ ಏನು?
ಎರಡು ನಿಲ್ದಾಣ ಕಳೆದವು. ಏನೂ ಸಿಗಲಿಲ್ಲ.

ಇಂಗ್ಲೆಂಡಿಗೆಲ್ಲ ಕೆಂಪು, ಈ ಊರಿಗೆ ಮಾತ್ರ ಕೆನೆಬಣ್ಣ,
ಅಂಥದೊಂದು ಫೋನ್ ಗೂಡು ದಾಟುವಾಗ ಹೊಳೆಯಿತು:
ಅರೆ, ಇದು ನಮ್ಮ ಕೊಳ್ಳು ಅಲ್ಲವೇ!
ನೋಡು, ನೋಡಿಕೋ. ಹೇಳು, ಹೇಳಿಕೋ.
ಕ್ರಿಯೆಯ ಬಾಲಕ್ಕೆ ಅಂಟಿ ಕೂತ ತಾನು.
ನಾವು ಸೆರಗಿನ ತುದಿಗೆ ಗಂಟು ಹಾಕಿಟ್ಟದ್ದನ್ನು
ಇವರು ಬಿಚ್ಚಿ, ಬೇರೆ ಕುರ್ಚಿ ಎಳೆದು ಕೂರಿಸಿದ್ದಾರೆ, ಅಷ್ಟೇ.

ಮತ್ತೆ ನನಗೇಕೆ ಮರೆಯಿತು?
ನಾನು ಹೆಚ್ಚು ಬಳಸಿದ್ದು ಅದರ ಪಕ್ಕದ ಮನೆಯದನ್ನು: ಕೊಡು.
ಬರೆದುಕೊಟ್ಟೆ. ಒಗೆದುಕೊಟ್ಟೆ.
ತಮ್ಮನ ಫೀಸಿಗೆ ಬಳೆ ಬಿಚ್ಚಿಕೊಟ್ಟೆ.
ಸ್ಟಾಥರ್ಸ್ ಮುದುಕನ ಅಂಗಿಗೆ ಗುಂಡಿ ಹಾಕಿಕೊಟ್ಟೆ, ಈ ಬೆಳಿಗ್ಗೆಯೂ.
ಬಿಟ್ಟುಕೊಟ್ಟೆ; ಇದನ್ನು ಹೇಗೆ ಇಂಗ್ಲಿಷಿಗೆ ತರುವುದೋ,
ಮೊರೀನಳನ್ನು ಕೇಳಬೇಕು.
ಕೊಳ್ಳು ಇರಲೇ ಇಲ್ಲ ಅಂತಲ್ಲ:
ಹೊಂದಿಕೊಂಡೆ. ತಡೆದುಕೊಂಡೆ. ನುಂಗಿಕೊಂಡೆ.
ಅಲ್ಲೂ ನಾನಿದ್ದೆ ನಿಜ,
ಮದುವೆ ದಿಬ್ಬಣದಲ್ಲಿ ಪಾತ್ರೆ ಎಣಿಸುವವಳ ಹಾಗೆ.

ಮರುದಿನ ಹೊಸ ಚೀಟಿ. ಕಾಪಿ ಬರೆಯುವ ಮಗುವಿನಷ್ಟು ನಿಧಾನ:
ಐ ವಿಶ್ ಟು ಅವೇಲ್ ಮೈಸೆಲ್ಫ್ ಆಫ್ ತ್ರೀ ಡೇಸ್ ಲೀವ್.
ಕಾರಣ ಎಂಬ ಚೌಕ ಬಂದಾಗ ಪಳಗಿದ ಬೆರಳು
ಹಾಲಪ್ಪನ ಅಜ್ಜಿಯನ್ನು ನಾಲ್ಕನೇ ಸಲ ಕೊಲ್ಲಲು ಹೊರಟಿತ್ತು.
ಬೇಡ ಅಂದೆ. ಬರೆದೆ:
ವಿದರ್ನ್‌ಸಿ. ಸಮುದ್ರ. ನಿದ್ದೆ.

ಮೊರೀನ್ ಕನ್ನಡಕ ಹಣೆಯಿಂದ ಇಳಿಸಿ ಓದಿದಳು.
ಮೈಸೆಲ್ಫ್ ಮೇಲೆ ತುಸು ಹೊತ್ತು ನಿಂತಳು, ಮುಂದೆ ಹೋದಳು.
ಕಾರಣದ ಬಗ್ಗೆ ಏನೂ ಅನ್ನಲಿಲ್ಲ.
ಮತ್ತೆ ಸೀಸದಕಡ್ಡಿ ಎತ್ತಿದಳು. ನನ್ನ ಎದೆ ಧಸಕ್ಕೆಂದಿತು.
ಡೇಸ್ ಎಂಬುದರ ನೆತ್ತಿಯ ಬಲಕ್ಕೆ
ಉಗುರು ಕತ್ತರಿಸುವಾಗ ಸಿಡಿಯುವ ಚೂರಿನಷ್ಟು ಒಂದು ಗುರುತು.
"ರಜೆ ಆ ದಿನಗಳದ್ದು," ಎಂದಳು, "ನಿನ್ನದಲ್ಲ."
ಸಹಿ ಹಾಕಿದಳು.

ಆಗಲಿ.
ತಗೊಂಡೆ.