ನೂರಾ ಹನ್ನೆರಡನೇ ಪುಟ

ಅರಸೀಕೆರೆ ಸ್ಟೇಷನ್ನಿನ ಎದುರು, ಸೈಕಲ್ ಸ್ಟ್ಯಾಂಡಿಗೆ ಅಂಟಿಕೊಂಡು
ಎಂಟಡಿ ಅಗಲದ ನನ್ನ ಲೈಬ್ರರಿ.
ದಿನಕ್ಕೆ ಎರಡು ರೂಪಾಯಿ ಬಾಡಿಗೆ, ಪುಟ ಹರಿದರೆ ಹತ್ತು.
ಗಾಡಿ ತಡವಾದಷ್ಟೂ ನನಗೆ ಲಾಭ.

ಆ ಕಾದಂಬರಿಗೆ ಈಗ ರಟ್ಟಿಲ್ಲ, ಬರೆದವಳ ಹೆಸರೂ ಇಲ್ಲ,
ಮೂರು ಸಲ ದಬ್ಬಣದಲ್ಲಿ ಹೊಲಿದಿದ್ದೇನೆ.
ಗುಡ್ಡದ ಬಂಗಲೆ, ಮದುವೆಯಾಗಿ ಬಂದ ಹುಡುಗಿ,
ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ, ಮಂಚದ ಬದಿಗೆ ಹಾಲಿನ ಲೋಟ.
ಗಂಡ ಪ್ರೀತಿಸುತ್ತಾನೋ, ಕೊಲ್ಲುತ್ತಾನೋ
ಇನ್ನೂರ ನಲವತ್ತು ಪುಟವೂ ಇಷ್ಟೇ.

ವಾಪಸು ಕೊಡುವಾಗ ಚಿಲ್ಲರೆಯ ಜೊತೆ
ಒಂದೊಂದು ಮಾತೂ ಇಟ್ಟು ಹೋಗುತ್ತಾರೆ.

ಆಸ್ಪತ್ರೆಯ ಫಿಲೋಮಿನಾ ಸಿಸ್ಟರ್:
“ಆ ವಿಷ ಹಾಗೆಲ್ಲ ಕೆಲಸ ಮಾಡಲ್ಲ.
ವಾಂತಿ ಯಾರು ಬಳಿದರು? ಅದನ್ನು ಬರೆದೇ ಇಲ್ಲ.”
ಆದರೂ ನೈಟ್ ಡ್ಯೂಟಿಯಲ್ಲಿ ಒಂದೇ ಉಸಿರಿಗೆ ಮುಗಿಸಿದ್ದರು,
ಡ್ರಿಪ್ ಖಾಲಿಯಾದ ಪೇಷಂಟು ತಾನೇ ಕೂಗಬೇಕಾಯಿತಂತೆ.

ಟೈಲರ್ ಮುಬೀನಾ ಬೆರಳಿಟ್ಟು ತೋರಿಸಿದಳು:
“ಹದಿನೇಳರಲ್ಲಿ ನೀಲಿ ಸೀರೆ, ಇಪ್ಪತ್ತರಲ್ಲಿ ಹಸಿರು.
ಅದೇ ರಾತ್ರಿ. ನಾನು ಕೊನೆಯವರೆಗೂ ಅವಳನ್ನೇ ಅನುಮಾನಿಸಿದೆ.
ಕೊನೆಗೆ ನೋಡಿದರೆ ಬರೆದವಳಿಗೇ ಮರೆವು!”

ಕೊಬ್ಬರಿ ಮಂಡಿಯ ರೈಟರು ಮರುಳಸಿದ್ದಪ್ಪ
ಮೊದಲು ಕೊನೆಯ ಪುಟ ಓದುವವರು.
“ತೂಕ ನೋಡದೆ ಮೂಟೆ ಎತ್ತುತ್ತಾರೇನಯ್ಯಾ?”

ಪಿಯುಸಿ ಫೇಲಾದ ದಾಕ್ಷಾಯಿಣಿ ಮಾತ್ರ
“ಗಂಡನೇ ಕೊಲೆಗಾರ ಆಗಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು, ಅಂಕಲ್” ಅಂದಳು.
ಅವಳ ಕೈಗೆ ಅಡುಗೆ ಪುಸ್ತಕ ಇಟ್ಟೆ.
ಮುಖ ನೋಡಿ ಹಿಂದಕ್ಕೆ ತೆಗೆದುಕೊಂಡೆ.

ನಲವತ್ತಮೂರನೇ ಪುಟದಲ್ಲಿ ಯಾರೋ ಪಾಪಿ
ಒಂದು ಹೆಸರಿಗೆ ಗೆರೆ ಎಳೆದು “ಇವನೇ” ಎಂದು ಬರೆದಿದ್ದ.
ಉಜ್ಜಿದೆ. ರಬ್ಬರಿಗೆ ಶಾಯಿ ಬಿಡಲಿಲ್ಲ, ಕಾಗದ ಬಿಟ್ಟಿತು.
ಈಗ ಕೊಲೆಗಾರನ ಹೆಸರಿದ್ದಲ್ಲಿ ಒಂದು ತೂತು,
ತೂತಿನಾಚೆ, ನಲವತ್ತೈದರಿಂದ,
“ಮುತ್ತು” ಎಂಬ ಮಾತು ಇಣುಕುತ್ತದೆ.

ಇದೆಲ್ಲ ಸರಿ.
ನೂರಾ ಹನ್ನೆರಡನ್ನು ನಾನು ನೋಡಿದ್ದು ತಡವಾಗಿ.
ಹುಡುಗಿ ಹಾಲಿನ ಲೋಟ ಎತ್ತಿಕೊಂಡು ನಿಂತ ಜಾಗ.
ಅಂಚಿನಲ್ಲಿ ಸೀಸದಕಡ್ಡಿಯ ಸಣ್ಣ ಅಕ್ಷರ:
“ನಾನಾಗಿದ್ದರೆ ಕುಡಿಯುತ್ತಿದ್ದೆ.”
ಕೆಳಗೆ, ಎಡಕ್ಕೆ ವಾಲಿದ ಬೇರೆ ಕೈ:
“ಕೊಟ್ಟವನನ್ನು ನಂಬಿಯೋ? ಬದುಕು ಸಾಕಾಗಿಯೋ?”
ಮತ್ತೆ ಸಣ್ಣ ಅಕ್ಷರ, ಒತ್ತಿ ಬರೆದದ್ದು:
“ಬಾಯಾರಿ.”
“ಯಾರು ನೀವು?”
ಅದರ ಕೆಳಗೆ ಖಾಲಿ.

ಲೆಡ್ಜರ್ ತೆಗೆದೆ. ರಾತ್ರಿ ಬಾಗಿಲು ಹಾಕಿ,
ನಾನೂ ಒಬ್ಬ ಪತ್ತೇದಾರ.
ವಾಲಿದ ಕೈ ಸುಲಭಕ್ಕೆ ಸಿಕ್ಕಿತು:
ಪಾರ್ಸೆಲ್ ಆಫೀಸಿನ ವಿಷಕಂಠಯ್ಯ,
ಒಂದೇ ವರ್ಷದಲ್ಲಿ ನಾಲ್ಕು ಸಲ ಇದೇ ಪುಸ್ತಕ.
(ಹಾಲಿನ ಲೋಟದ ಕಥೆಗೆ ಎಂಥ ಹೆಸರು!)
ಸಣ್ಣ ಅಕ್ಷರ ಮಾತ್ರ ಯಾರ ಸಹಿಗೂ ಕೂಡಲಿಲ್ಲ.
ಅಂದರೆ, ಬಾಡಿಗೆಗೆ ಒಯ್ಯದೆ
ಇಲ್ಲೇ ಕೂತು ಓದಿದ ಕೈ.

ನಾನು ಊಟಕ್ಕೆ ಹೋದಾಗ ಗಲ್ಲಾದಲ್ಲಿ ಕೂರುವುದು
ಅಕ್ಕ, ನೀಲಾಂಬಿಕೆ. ಐವತ್ತೊಂದು ದಾಟಿದವಳು.
“ಕಾದಂಬರಿ ಎಲ್ಲ ಬರೀ ಸುಳ್ಳು ಕಣೋ” ಅನ್ನುವವಳು.
ಜೇಬಿನಲ್ಲಿ ಅವಳ ದಿನಸಿ ಚೀಟಿ ಇತ್ತು.
ಬೆಲ್ಲ ಅರ್ಧ ಕೇಜಿ.
ಬೆಲ್ಲದ ಬ, ಬಾಯಾರಿದ ಬ,
ಒಂದರ ಪಕ್ಕ ಒಂದು ಇಟ್ಟು
ಬಹಳ ಹೊತ್ತು ಕೂತಿದ್ದೆ.

ಯಾರಿಗೂ ಹೇಳಿಲ್ಲ.
ಪುಸ್ತಕ ಹರಿದಿದೆ ಎಂದು ತೂಕಕ್ಕೂ ಹಾಕಿಲ್ಲ.
ಒಂದೂವರೆಯ ಗಾಡಿ ಹೋದ ಮೇಲೆ
ಪಾರ್ಸೆಲ್ ಆಫೀಸಿಗೆ ಕೆಲಸ ಕಡಿಮೆ, ಅದು ನನಗೆ ಗೊತ್ತು.
ಸೀಸದಕಡ್ಡಿ ಚೂಪು ಮಾಡಿ ಗಲ್ಲಾದ ಮೇಲೆ ಮರೆತು
ಊಟಕ್ಕೆ ಹೊರಡುತ್ತೇನೆ.
ಅನ್ನ ನಿಧಾನ ಕಲಸುತ್ತೇನೆ.
ಮಜ್ಜಿಗೆ
ಇನ್ನೊಂದು ಲೋಟ ಕೇಳುತ್ತೇನೆ.