ಮೂರನೇ ಚಾನೆಲ್

ಒಂದಕ್ಕೆ ಇಂಗ್ಲಿಷು, ಎರಡಕ್ಕೆ ನೇಪಾಳಿ, ಮೂರಕ್ಕೆ ನಾನು.
ವಿಜಯಪುರದ ಆ ಸಭಾಂಗಣದ ಮೂಲೆಯಲ್ಲಿ
ಗಾಜಿನ ಗೂಡು. ಒಳಗೆ ಒಂದು ಮೈಕು, ಒಂದು ತಂಬಿಗೆ ನೀರು,
ಕೆಟ್ಟ ಫ್ಯಾನು.
ನಾಲ್ಕು ದೇಶದವರು ಬಂದಿದ್ದರು, ಎರಡು ದಿನಕ್ಕೆ,
ಯುವಜನರ ಬಗ್ಗೆ ಒಂದೇ ಕಾಗದಕ್ಕೆ ಸಹಿ ಹಾಕಲು.
ಗೋಳಗುಮ್ಮಟ ಮೊದಲ ದಿನದ ಸಂಜೆಗೆ ಅಂತ ಪಟ್ಟಿಯಲ್ಲಿತ್ತು.
ಯಾರಿಗೂ ಹೋಗಲಾಗಲಿಲ್ಲ.

ಮೊದಲ ಸಾಲಿಗೇ ಜಗಳ:
ಯುವಜನ ಅಂದರೆ ಎಷ್ಟು ವರ್ಷದವರು?
ಇಪ್ಪತ್ನಾಲ್ಕಕ್ಕೆ ಮುಗಿಸಿ, ಅಂದಿತು ಜಿನೀವಾದಿಂದ ಬಂದ ದಪ್ಪ ಕನ್ನಡಕ.
ನಮ್ಮವರು ಇಪ್ಪತ್ತೊಂಬತ್ತು ಬಿಟ್ಟು ಕದಲಲಿಲ್ಲ.
ಕೆನ್ಯಾದ ವಾಂಜಿಕು ಮೂವತ್ನಾಲ್ಕು ಎಂದು ಮೇಜು ತಟ್ಟಿದಳು.
ಶ್ರೀಲಂಕಾದವರು ಮೇಲಿನವರನ್ನು ಕೇಳಿ ಬರುತ್ತೇವೆಂದು
ಫೋನು ಹಿಡಿದು ವರಾಂಡಕ್ಕೆ ಹೋದರು.
ನೇಪಾಳದ ಬಿಷ್ಣು ಥಾಪಾ, ಮೆಲ್ಲಗೆ, ನಾಚಿಕೊಂಡಂತೆ:
ನಲವತ್ತು.
ನನಗಾಗ ಮೂವತ್ತಮೂರು. ಹೆಡ್‌ಫೋನಿನೊಳಗೆ
ಎರಡು ಲೆಕ್ಕಗಳಲ್ಲಿ ಮುದುಕನಾಗಿ
ಎರಡರಲ್ಲಿ ಇನ್ನೂ ಮೀಸೆ ಚಿಗುರಿಸುತ್ತಿದ್ದೆ.

ತೀರ್ಮಾನವಾಗದ ಮಾತಿಗೆ ಚೌಕ ಕಂಸ ಹಾಕುವುದು ಅವರ ರೂಢಿ.
ಊಟದ ಹೊತ್ತಿಗೆ ಪುಟದ ತುಂಬ ಕಂಸ,
ಮನುಷ್ಯರು ಕಾಣದ ಕಿಟಕಿಗಳ ಹಾಗೆ.

ಎರಡನೇ ದಿನ, ಸ್ಥಳೀಯರ ಮಾತು, ಏಳು ನಿಮಿಷ.
ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಿಂದ ಗುರುಬಾಯಿ ಬಗಲಿ.
“ನಾ ಸಾಣಿಗಿ ಮುಂದ ಕುಂದ್ರಾಕಿ.
ಸಣ್ಣ ಕಣ್ಣಿಂದು ಹಾಕಿದ್ರ ದ್ರಾಕ್ಷಿ ಎಲ್ಲಾ ಮ್ಯಾಲ ಉಳೀತಾವು,
ದೊಡ್ಡ ಕಣ್ಣಿಂದು ಹಾಕಿದ್ರ ಎಲ್ಲಾ ಕೆಳಗ. ದ್ರಾಕ್ಷಿ ಅವೇ ರೀ.
ಹದಿಮೂರಕ್ಕ ಶೆಡ್ಡಿಗೆ ಬಂದೆ, ಗಂಧಕದ ಹೊಗಿ ಕುಡದೆ.
ನನ್ನ ಹರೇ ಯಾವಾಗ ಬಂತು, ಯಾವಾಗ ಹೋತು,
ನಿಮ್ಮ ಕಾಗದದಾಗ ಇದ್ರ ಹೇಳ್ರಿ.
ನನಗೀಗ ಮೂವತ್ತಾರು.”

ಹರೇ.
ನಾನು ತಡವರಿಸಿದೆ. ಆ ಪದಕ್ಕೆ ಅಂಕಿ ಇಲ್ಲ:
ಅದು ಬರುತ್ತದೆ, ಏರುತ್ತದೆ, ಇಳಿಯುತ್ತದೆ,
ಯಾವ ಕಚೇರಿಯ ಕದವನ್ನೂ ತಟ್ಟದೆ.
ಗೂಡಿನಲ್ಲಿ ಮೂರು ಸೆಕೆಂಡಿನ ಮೌನವೆಂದರೆ ಮಹಾಪರಾಧ;
ತಲೆಗಳೆಲ್ಲ ನನ್ನ ಗಾಜಿನ ಕಡೆ ತಿರುಗಿದವು.
ಕೊನೆಗೆ ಪದವನ್ನು ಹಾಗೇ ಬಿಟ್ಟೆ, ಇಂಗ್ಲಿಷಿನ ನಡುವೆ,
ಅನ್ನದೊಳಗಿನ ಹರಳಿನಂತೆ.

ಥಾಪಾ ನಕ್ಕ: “ನಮ್ಮ ಕಡೆ ಬನ್ನಿ ಅಕ್ಕಾ, ಇನ್ನೂ ನಾಲ್ಕು ವರ್ಷ ಇದೆ.”
ಅದನ್ನು ಮೂರಕ್ಕೆ ದಾಟಿಸಿದೆ. ಗುರುಬಾಯಿ ನಗಲಿಲ್ಲ.
“ಬಸ್ ಚಾರ್ಜ್ ಯಾರು ಕೊಡ್ತಾರಂತ?”
ವಾಂಜಿಕು ಬರೆದುಕೊಂಡಳು. ಚಹಾ ಮುಗಿಯುವಷ್ಟರಲ್ಲಿ
ಅದು ‘ವೆಚ್ಚದ ಹಂಚಿಕೆ’ ಎಂಬ ಕಲಮಾಗಿ
ಹತ್ತನೇ ಪುಟ ಸೇರಿತು,
ಕಂಸದೊಳಗೆ.

ಐದೂವರೆಗೆ ಸಹಿ. ವಯಸ್ಸಿನ ಜಾಗ ಖಾಲಿ,
ಮುಂದಿನ ಸಭೆ ಕಾಠ್ಮಂಡುವಿನಲ್ಲಿ.
ಆದರೆ ಒಂದು ಸಾಲು ಉಳಿಯಿತು: ಹದಿನೆಂಟಾಗದವರನ್ನು
ಹೊಗೆಯ ಕೆಲಸಕ್ಕೆ ಹಚ್ಚಬಾರದು.
ಅದಕ್ಕೆ ಯಾರೂ ಕಂಸ ಹಾಕಲಿಲ್ಲ. ಯಾರು ಬರೆದರೆಂದು
ಈಗಲೂ ಗೊತ್ತಿಲ್ಲ.

ಹೆಡ್‌ಫೋನು ಎಣಿಸಿದೆವು. ನಲವತ್ತರಲ್ಲಿ ಒಂದು ಕಡಿಮೆ.
ಫೋನು ಹಚ್ಚಿದೆ. ತಿಕೋಟಾದ ಬಸ್ಸಿನಲ್ಲಿದ್ದಳು, ನಿಂತುಕೊಂಡೇ.
“ಕೊಳ್ಳಾಗನ ಐತ್ರಿ, ಮರತು ಬಂದೆ, ನಾಳೆ ಕೊಟ್ಟು ಕಳಸ್ತೇನಿ.
ಇನ್ನಾ ಏನರ ಹೇಳ್ತಾರೇನೋ ಅಂತ
ಈಗೊಮ್ಮೆ ಕಿವಿಗೆ ಹಚ್ಚಿ ನೋಡಿದೆ.”
ಕೇಳಿಸ್ತದಾ? ಅಂದೆ.
“ಬರೇ ಗುಂಯ್ ಅಂತದ,” ಅಂದಳು.
“ಮೂರಕ್ಕನ ಇಟ್ಟೀನಿ.”